ದುಡಿಮೆಯ ಬಾಗಿಲು

ಮನುಷ್ಯನ ಬಾಳಿನಲ್ಲಿ ದುಡಿಮೆಗಿರುವ ಸ್ಥಾನ ಹಿರಿದಾದುದು. ದುಡಿಮೆ ಅನ್ನವನ್ನು ಕೊಡುತ್ತದೆ. ಅನ್ನದೊಡನೆ ನಾಲ್ಕು ಜನರ ನಡುವೆ ತಲೆಯೆತ್ತಿ ನಿಲ್ಲುವ ಧೈರ್ಯವನ್ನೂ ಕೊಡುತ್ತದೆ. ಹನ್ನೆರಡನೆಯ ಶತಮಾನದ ಶರಣರು ಇದನ್ನು ಚೆನ್ನಾಗಿ ಅರಿತಿದ್ದರು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಮಾರಯ್ಯ ಎಂಬ ಹೆಸರುಗಳನ್ನು ಗಮನಿಸಿರಿ. ಒಬ್ಬರು ಬಟ್ಟೆ ಮಡಿ ಮಾಡುವವರು, ಒಬ್ಬರು ದೋಣಿ ನಡೆಸುವವರು, ಒಬ್ಬರು ಹಗ್ಗ ಹೊಸೆಯುವವರು, ಇನ್ನೊಬ್ಬರು ಚೆಲ್ಲಿದ ಅಕ್ಕಿಯನ್ನು ಆಯ್ದು ತರುವವರು. ಅವರವರ ಕಾಯಕವೇ ಅವರವರ ಹೆಸರಿಗೆ ಭೂಷಣವಾಯಿತು. ಎಂಟುನೂರು ವರ್ಷಗಳು ಕಳೆದರೂ ನಾವು ಅವರನ್ನು ಅವರು ಮಾಡಿದ ಕೆಲಸದಿಂದಲೇ ಗುರುತಿಸುತ್ತೇವೆ.

ಆದರೆ ನಮ್ಮ ಊರುಕೇರಿಗಳಲ್ಲಿ ಇದಕ್ಕೆ ತೀರ ವಿರುದ್ಧವಾದ ರೂಢಿಯೊಂದು ಬೆಳೆದುಬಂದಿದೆ. ಕಾಲು ಊನವಾದವನನ್ನು ಕುಂಟನೆಂದೂ, ಕಣ್ಣು ಕಾಣದವನನ್ನು ಕುರುಡನೆಂದೂ, ಕಿವಿ ಕೇಳದವನನ್ನು ಕಿವುಡನೆಂದೂ ಕರೆಯುವುದುಂಟು. ಹಾಗೆ ಕರೆಸಿಕೊಂಡವನು ನುರಿತ ಬಡಗಿಯಾಗಿರಬಹುದು, ಲೆಕ್ಕದಲ್ಲಿ ಜಾಣನಾಗಿರಬಹುದು, ಒಳ್ಳೆಯ ಹಾಡುಗಾರನಾಗಿರಬಹುದು. ಆದರೂ ಆ ಹೆಸರು ಅವನಲ್ಲಿ ಏನಿಲ್ಲವೋ ಅದನ್ನು ಹೇಳುತ್ತದೆಯೇ ಹೊರತು ಏನಿದೆಯೋ ಅದನ್ನು ಹೇಳುವುದಿಲ್ಲ. ಇಲ್ಲದಿರುವುದರ ಮೇಲೆಯೇ ಒಬ್ಬನ ಯೋಗ್ಯತೆಯನ್ನು ಅಳೆಯತೊಡಗಿದರೆ ಅವನಿಗೆ ದುಡಿಮೆಯ ಬಾಗಿಲು ಮುಚ್ಚಿದಂತೆಯೇ ಸರಿ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ 2 ಕೋಟಿ 68 ಲಕ್ಷ ಮಂದಿ ವಿಕಲಚೇತನರಿದ್ದರು. ಕರ್ನಾಟಕವೊಂದರಲ್ಲೇ 13 ಲಕ್ಷ 24 ಸಾವಿರ ಮಂದಿಯಿದ್ದರು. ಇವರಲ್ಲಿ ದುಡಿಯುವ ವಯಸ್ಸಿನವರ ಸಂಖ್ಯೆ ಒಂದು ಕೋಟಿಗೂ ಮಿಗಿಲು. ಆದುದರಿಂದ ಈ ಬಾಗಿಲು ಮುಚ್ಚಿರಬೇಕೋ ತೆರೆದಿರಬೇಕೋ ಎಂಬುದು ಸಣ್ಣ ಪ್ರಶ್ನೆಯಲ್ಲ.

ಈ ಪ್ರಶ್ನೆಯ ಅರ್ಥವನ್ನು ನನಗೆ ತಿಳಿಸಿಕೊಟ್ಟವರು ನನ್ನ ಸಹೋದ್ಯೋಗಿಯೊಬ್ಬರು. ನಾನು ಕನ್ನಡ ಪಾಠ ಹೇಳುತ್ತಿದ್ದ ಪ್ರೌಢಶಾಲೆಯೊಂದರಲ್ಲಿ ಅವರು ಇತಿಹಾಸದ ಅಧ್ಯಾಪಕರಾಗಿದ್ದರು. ಇಪ್ಪತ್ತು ವರ್ಷಗಳಿಂದ ಪಾಠ ಹೇಳಿ ಹೆಸರು ಪಡೆದವರು. 2003ರಲ್ಲಿ, ತಮ್ಮ ನಲವತ್ತೆಂಟನೆಯ ವಯಸ್ಸಿನಲ್ಲಿ, ಅಕ್ಷಿಪಟಲದ ಕಾಯಿಲೆಯಿಂದ ಅವರ ದೃಷ್ಟಿ ಕುಂದತೊಡಗಿತು. ಕೆಲವೇ ತಿಂಗಳುಗಳಲ್ಲಿ ಪುಸ್ತಕದ ಅಕ್ಷರ ಕಾಣದಾಯಿತು. ಬಳಿಕ ಎದುರಿಗೆ ನಿಂತವರ ಮುಖವೂ ಕಾಣದಾಯಿತು. ಶಾಲೆಯಲ್ಲಿ ಅಧ್ಯಾಪಕರ ಸಭೆ ಸೇರಿತು. ಕಪ್ಪುಹಲಗೆಯ ಮೇಲೆ ಬರೆಯುವುದು ಹೇಗೆ? ಉತ್ತರಪತ್ರಿಕೆಗಳನ್ನು ತಿದ್ದುವುದು ಹೇಗೆ? ಐವತ್ತು ಹುಡುಗರ ಗಲಾಟೆಯನ್ನು ಹತೋಟಿಯಲ್ಲಿಡುವುದು ಹೇಗೆ? ಈ ಮೂರು ಪ್ರಶ್ನೆಗಳಿಗೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಅವರು ಸ್ವಯಂ ನಿವೃತ್ತಿ ಪಡೆಯುವುದೇ ಮೇಲೆಂದು ಎಲ್ಲರೂ ತೀರ್ಮಾನಿಸಿದೆವು. ಆ ಮಾತನ್ನು ಅವರ ಮನೆಗೆ ಹೋಗಿ ಹೇಳುವ ಹೊಣೆ ನನ್ನ ಪಾಲಿಗೆ ಬಂದಿತು.

ನಾನು ಹೋಗಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೆ ಕಣ್ಣು ಹೋಗಿದೆ, ಮೇಷ್ಟ್ರೇ, ಇತಿಹಾಸ ಹೋಗಿಲ್ಲ" ಎಂದರು. ಆ ಬಳಿಕ ಒಂದು ಕಾಗದವನ್ನು ನನ್ನ ಕೈಗಿತ್ತರು. ಅದು 1995ರ ವಿಕಲಚೇತನರ ಅಧಿನಿಯಮದ ಒಂದು ಪುಟ. ನೌಕರಿಯಲ್ಲಿರುವಾಗ ಅಂಗವೈಕಲ್ಯಕ್ಕೆ ಒಳಗಾದವರನ್ನು ಆ ಕಾರಣಕ್ಕಾಗಿ ಕೆಲಸದಿಂದ ತೆಗೆಯಕೂಡದೆಂದೂ, ಅವರ ದರ್ಜೆಯನ್ನು ತಗ್ಗಿಸಕೂಡದೆಂದೂ ಅದರ 47ನೆಯ ಪ್ರಕರಣದಲ್ಲಿ ಸ್ಪಷ್ಟವಾಗಿ ಬರೆದಿತ್ತು. ನಾವು ದೊಡ್ಡ ಔದಾರ್ಯದಿಂದ ತೀರ್ಮಾನಿಸಹೊರಟಿದ್ದ ವಿಷಯವನ್ನು ನಾಡಿನ ಕಾನೂನು ಎಂಟು ವರ್ಷಗಳ ಹಿಂದೆಯೇ ತೀರ್ಮಾನಿಸಿಬಿಟ್ಟಿತ್ತು. ಅದನ್ನು ತಿಳಿದುಕೊಳ್ಳುವ ಶ್ರಮವನ್ನು ನಾವು ಯಾರೂ ತೆಗೆದುಕೊಂಡಿರಲಿಲ್ಲ. ಅಷ್ಟೇ ಅಲ್ಲ, ಸಭೆಯಲ್ಲಿ ಮೂರು ಪ್ರಶ್ನೆಗಳನ್ನು ಕೇಳಿದ ನಾವು, ಅವಕ್ಕೆ ಉತ್ತರ ಬಲ್ಲ ಒಬ್ಬರನ್ನು ಮಾತ್ರ ಕೇಳಿರಲಿಲ್ಲ.

ಉತ್ತರಗಳು ಅವರಲ್ಲಿ ಸಿದ್ಧವಾಗಿದ್ದವು. ಕಪ್ಪುಹಲಗೆಯ ಮೇಲೆ ಬರೆಯುವ ಕೆಲಸ ಸರದಿಯ ಮೇಲೆ ವಿದ್ಯಾರ್ಥಿಗಳಿಗೆ ಹೋಯಿತು. ಹೊಸ ಪಾಠಗಳನ್ನು ಅವರ ಮಗಳು ಓದಿ ಧ್ವನಿಸುರುಳಿಯಲ್ಲಿ ತುಂಬಿಕೊಟ್ಟಳು. ಭೂಪಟದ ಪಾಠಕ್ಕಾಗಿ ಹುಡುಗರು ರಟ್ಟಿನ ಮೇಲೆ ದಾರವನ್ನು ಅಂಟಿಸಿ ನದಿಗಳನ್ನೂ, ಹುಣಿಸೆಬೀಜ ಅಂಟಿಸಿ ಊರುಗಳನ್ನೂ ಗುರುತಿಸಿದರು; ಬೆರಳಿನಿಂದ ಮುಟ್ಟಿ ಕಲಿತ ಆ ಭೂಪಟ ಕಣ್ಣಿದ್ದ ಮಕ್ಕಳಿಗೂ ಚೆನ್ನಾಗಿ ನೆನಪಿನಲ್ಲಿ ಉಳಿಯಿತು. ಉತ್ತರಪತ್ರಿಕೆಗಳನ್ನು ನಾನು ಓದಿಹೇಳಿದೆ, ಅವರು ಅಂಕ ಕೊಟ್ಟರು. ಅದಕ್ಕೆ ಪ್ರತಿಯಾಗಿ ನನ್ನ ಪಾಲಿನ ಭಾಷಣಸ್ಪರ್ಧೆಯ ತರಬೇತಿಯನ್ನು ಅವರು ವಹಿಸಿಕೊಂಡರು. ಹೀಗೆ ಓದಿಹೇಳುವಾಗ ನನಗೊಂದು ವಿಷಯ ಹೊಳೆಯಿತು. ಕೇಳುವವರಿಗೆ ಕೈಬರಹ ಕಾಣುವುದಿಲ್ಲ, ಕಿವಿಗೆ ಬೀಳುವುದು ವಿಚಾರ ಮಾತ್ರ. ಕಾಗೆಯ ಕಾಲಿನಂಥ ಬರಹಕ್ಕಾಗಿ ನಮ್ಮೆಲ್ಲರಿಂದ ಅಂಕ ಕಳೆದುಕೊಳ್ಳುತ್ತಿದ್ದ ಕೆಲವು ಹುಡುಗರಿಗೆ ಆ ವರ್ಷ ಇತಿಹಾಸದಲ್ಲಿ ಮೊದಲ ಬಾರಿಗೆ ನ್ಯಾಯ ದೊರೆಯಿತು. ಇನ್ನು ಗಲಾಟೆಯ ಮಾತು: ಅದು ಮೊದಲಿಗಿಂತ ಹೆಚ್ಚಾಗಲೂ ಇಲ್ಲ, ಕಡಿಮೆಯಾಗಲೂ ಇಲ್ಲ.

ಈ ಒಂದು ನಿದರ್ಶನದಲ್ಲಿ ನಾವು ತಿಳಿಯಬೇಕಾದ ತತ್ತ್ವವೆಲ್ಲ ಅಡಗಿದೆ. ಆ ಅಧ್ಯಾಪಕರ ಕಣ್ಣು ಮರಳಿ ಬರಲಿಲ್ಲ. ಬದಲಾದದ್ದು ಅವರ ಕೆಲಸದ ಸುತ್ತಲಿನ ಏರ್ಪಾಡು. ಅಂಗವೈಕಲ್ಯವೆಂಬುದು ದೇಹದಲ್ಲಿ ಮಾತ್ರ ಇರುವುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ವಾಸ್ತವವಾಗಿ ಅದರ ಬಹುಭಾಗ ದೇಹಕ್ಕೂ ಪರಿಸರಕ್ಕೂ ಹೊಂದಿಕೆಯಾಗದ ಕಡೆಯಲ್ಲಿ ಹುಟ್ಟುತ್ತದೆ. ಗಾಲಿಕುರ್ಚಿಯಲ್ಲಿ ಕುಳಿತ ಗುಮಾಸ್ತನಿಗೆ ಸಮತಟ್ಟಾದ ನೆಲದ ಮೇಲಿನ ಕಚೇರಿಯಲ್ಲಿ ಯಾವ ತೊಡಕೂ ಇಲ್ಲ. ಅದೇ ಕಚೇರಿಯ ಮುಂದೆ ಮೂರು ಮೆಟ್ಟಿಲುಗಳಿದ್ದರೆ ಅವನು ಒಳಗೆ ಹೋಗಲಾರ. ಅವನ ಕಾಲಿನ ಸ್ಥಿತಿ ಎರಡು ಕಡೆಯೂ ಒಂದೇ. ಅವನನ್ನು ಅಸಮರ್ಥನನ್ನಾಗಿ ಮಾಡಿದ್ದು ಮೆಟ್ಟಿಲು. ನಮ್ಮಲ್ಲಿ ಎಷ್ಟೋ ಜನ ಕನ್ನಡಕವಿಲ್ಲದೆ ಒಂದು ಸಾಲನ್ನೂ ಓದಲಾರೆವು. ಆದರೆ ಕನ್ನಡಕ ಹಾಕಿಕೊಂಡವರನ್ನು ಯಾರೂ ಕನಿಕರದಿಂದ ನೋಡುವುದಿಲ್ಲ. ಕನ್ನಡಕವನ್ನು ಯಾರೂ ದಾನವೆಂದು ಎಣಿಸುವುದಿಲ್ಲ. ಅದು ದೃಷ್ಟಿಗೂ ಅಕ್ಷರಕ್ಕೂ ನಡುವೆ ಮಾಡಿಕೊಂಡ ಒಂದು ಹೊಂದಾಣಿಕೆ ಮಾತ್ರ.

ಕೆಲಸದ ಸ್ಥಳದಲ್ಲಿಯೂ ಇಂಥ ಹೊಂದಾಣಿಕೆಯನ್ನು ಮಾಡಿಕೊಡಬೇಕೆಂಬ ತತ್ತ್ವವನ್ನು ಜಗತ್ತು ಈಗ ಒಪ್ಪಿಕೊಂಡಿದೆ. ವಿಶ್ವಸಂಸ್ಥೆ 2006ರ ಡಿಸೆಂಬರ್ 13ರಂದು ಅಂಗೀಕರಿಸಿದ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯಲ್ಲಿ ಅದು ಸೇರಿದೆ. ಭಾರತ ಆ ಒಡಂಬಡಿಕೆಯನ್ನು 2007ರಲ್ಲಿ ಸ್ಥಿರೀಕರಿಸಿತು. ಅದಕ್ಕೆ ಅನುಗುಣವಾಗಿ ರಚಿತವಾದ ವಿಕಲಚೇತನರ ಹಕ್ಕುಗಳ ಅಧಿನಿಯಮ, 2016 ಎಂಬ ಕಾನೂನು 2017ರ ಏಪ್ರಿಲ್ 19ರಿಂದ ಜಾರಿಗೆ ಬಂದಿತು. ಅದರಲ್ಲಿ ಈ ತತ್ತ್ವವನ್ನು 'ಯುಕ್ತ ಹೊಂದಾಣಿಕೆ' ಎಂಬ ಅರ್ಥದಲ್ಲಿ ವಿವರಿಸಲಾಗಿದೆ. ವಿಕಲಚೇತನರು ಇತರರಂತೆಯೇ ತಮ್ಮ ಹಕ್ಕುಗಳನ್ನು ಅನುಭವಿಸಲು ಅಗತ್ಯವೂ ಸೂಕ್ತವೂ ಆದ ಮಾರ್ಪಾಡುಗಳನ್ನು ಮಾಡಬೇಕು. ಆದರೆ ಅವು ಮಾಡುವವರ ಮೇಲೆ ಮಿತಿಮೀರಿದ ಹೊರೆಯಾಗಬಾರದು ಎಂಬುದು ಅದರ ಸಾರ. ಒಂದು ಕಡೆ ಹಕ್ಕು, ಇನ್ನೊಂದು ಕಡೆ ಮಿತಿ ಎರಡನ್ನೂ ಕಾನೂನು ತೂಗಿ ನೋಡಿದೆ.

ಹಾಗಾದರೆ ಈ ಹೊಂದಾಣಿಕೆಗಳು ಎಂಥವು? ಅವುಗಳನ್ನು ಸ್ಥಳ, ಸಾಧನ, ಕ್ರಮ, ಕಾಲ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿ ನೋಡಬಹುದು.

ಮೊದಲನೆಯದು ಸ್ಥಳದ ಹೊಂದಾಣಿಕೆ. ಮೆಟ್ಟಿಲಿನ ಪಕ್ಕದಲ್ಲಿ ಇಳಿಜಾರು ದಾರಿ, ಗಾಲಿಕುರ್ಚಿ ಹಿಡಿಸುವಷ್ಟು ಅಗಲವಾದ ಬಾಗಿಲು, ಹಿಡಿದುಕೊಳ್ಳಲು ಸರಳುಗಳಿರುವ ಶೌಚಾಲಯ ಇವು ಈ ವರ್ಗಕ್ಕೆ ಸೇರುತ್ತವೆ. ಇಳಿಜಾರು ದಾರಿಗೂ ಒಂದು ಗಣಿತವಿದೆ. ಒಂದು ಅಡಿ ಎತ್ತರವನ್ನು ಏರಲು ಕಡಿಮೆಯೆಂದರೆ ಹನ್ನೆರಡು ಅಡಿ ಉದ್ದದ ದಾರಿ ಬೇಕು. ಶಾಲೆಯ ಜಗಲಿ ಎರಡು ಅಡಿ ಎತ್ತರವಾಗಿದ್ದರೆ ದಾರಿ ಇಪ್ಪತ್ತನಾಲ್ಕು ಅಡಿ ಉದ್ದವಾಗಿರಬೇಕು. ಈ ಲೆಕ್ಕವನ್ನು ಮರೆತು ಆರೇಳು ಅಡಿಯಲ್ಲಿ ಮುಗಿಸಿದ ಕಡಿದಾದ ಇಳಿಜಾರುಗಳು ಅನೇಕ ಕಟ್ಟಡಗಳಲ್ಲಿ ಕಾಣಸಿಗುತ್ತವೆ. ಅಂಥ ದಾರಿಯಲ್ಲಿ ಗಾಲಿಕುರ್ಚಿ ಹಿಂದಕ್ಕೆ ಮಗುಚಿಬೀಳುವ ಭಯವಿದೆ. ಇನ್ನು ಕೆಲವೆಡೆ ದಾರಿ ಸರಿಯಾಗಿದ್ದರೂ ಅದರ ಮೇಲೆ ದ್ವಿಚಕ್ರ ವಾಹನಗಳು ನಿಂತಿರುತ್ತವೆ, ಇಲ್ಲವೆ ಮುರಿದ ಬೆಂಚುಗಳನ್ನು ಒಟ್ಟಿರುತ್ತಾರೆ. ಹೆಸರಿಗಾಗಿ ಮಾಡಿದ ಹೊಂದಾಣಿಕೆ ಹೊಂದಾಣಿಕೆಯಲ್ಲ.

ಎರಡನೆಯದು ಸಾಧನಗಳ ಹೊಂದಾಣಿಕೆ. ಫ್ರಾನ್ಸಿನ ಲೂಯಿ ಬ್ರೈಲ್ ಮೂರನೆಯ ವಯಸ್ಸಿನಲ್ಲಿ ತಂದೆಯ ಚರ್ಮದ ಕೆಲಸದ ಹತಾರದಿಂದ ಗಾಯಗೊಂಡು ಕ್ರಮೇಣ ದೃಷ್ಟಿ ಕಳೆದುಕೊಂಡವನು. ಹದಿನೈದನೆಯ ವಯಸ್ಸಿನಲ್ಲಿ, 1824ರಲ್ಲಿ, ಉಬ್ಬುಚುಕ್ಕಿಗಳ ಲಿಪಿಯೊಂದನ್ನು ರೂಪಿಸಿದನು. ಆ ಲಿಪಿ ಇಂದು ಕನ್ನಡವೂ ಸೇರಿದಂತೆ ಅನೇಕ ಭಾಷೆಗಳಿಗೆ ಒದಗಿದೆ. ನಮ್ಮ ಕಾಲದಲ್ಲಿ ಗಣಕಯಂತ್ರ ಇನ್ನೊಂದು ಬಾಗಿಲನ್ನು ತೆರೆದಿದೆ. ತೆರೆಯ ಮೇಲಿನ ಬರಹವನ್ನು ಧ್ವನಿಯಾಗಿ ಓದಿಹೇಳುವ ತಂತ್ರಾಂಶಗಳಿವೆ. ಆಸ್ಟ್ರೇಲಿಯದ ಮೈಕೆಲ್ ಕರನ್ ಎಂಬ ದೃಷ್ಟಿಹೀನ ತರುಣ 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಎಂಬ ತಂತ್ರಾಂಶ ಎಲ್ಲರಿಗೂ ಉಚಿತವಾಗಿ ದೊರೆಯುತ್ತದೆ, ಕನ್ನಡವನ್ನೂ ಓದುತ್ತದೆ. ಇದರ ನೆರವಿನಿಂದ ದೃಷ್ಟಿಯಿಲ್ಲದವರು ಪತ್ರ ಓದಬಲ್ಲರು, ಬರೆಯಬಲ್ಲರು, ಬ್ಯಾಂಕಿನ ಲೆಕ್ಕ ನೋಡಬಲ್ಲರು. ಆದರೆ ಇಲ್ಲಿಯೂ ಒಂದು ಸೂಕ್ಷ್ಮವಿದೆ. ಕಚೇರಿಯವರು ಸುತ್ತೋಲೆಯ ಭಾವಚಿತ್ರವನ್ನು ತೆಗೆದು ಕಳುಹಿಸಿದರೆ ಈ ತಂತ್ರಾಂಶ ಅದನ್ನು ಸಾಮಾನ್ಯ ಬರಹದಂತೆ ಓದಲಾರದು. ಯೂನಿಕೋಡ್ ಅಲ್ಲದ ಹಳೆಯ ಕನ್ನಡ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದರೆ ಅರ್ಥವಿಲ್ಲದ ಸದ್ದುಗಳನ್ನು ನುಡಿಯುತ್ತದೆ. ಅದೇ ಸುತ್ತೋಲೆಯನ್ನು ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿ ಕಳುಹಿಸಲು ಬೇರೆ ಖರ್ಚು ತಗಲುವುದಿಲ್ಲ. ಬೇಕಾದದ್ದು ಅಷ್ಟು ನೆನಪು ಮಾತ್ರ.

ಮೂರನೆಯದು ಕೆಲಸದ ಕ್ರಮದಲ್ಲಿ ಮಾಡುವ ಹೊಂದಾಣಿಕೆ. ಕಿವಿ ಕೇಳದ ಕಾರ್ಮಿಕನಿರುವ ಕಾರ್ಖಾನೆಯಲ್ಲಿ ಅಪಾಯದ ಗಂಟೆಯೊಡನೆ ಮಿನುಗುವ ದೀಪವನ್ನೂ ಜೋಡಿಸಬಹುದು. ಬಾಯಿಮಾತಿನ ಆಜ್ಞೆಯ ಬದಲು ಬರಹದ ಆಜ್ಞೆಯನ್ನು ಕೊಡಬಹುದು. ಹುಟ್ಟಿನಿಂದ ಕಿವಿ ಕೇಳದ ಅನೇಕರಿಗೆ ಸಂಜ್ಞಾಭಾಷೆಯೇ ಮೊದಲ ಭಾಷೆ, ಬರಹದ ಕನ್ನಡ ಎರಡನೆಯದು. ಆದುದರಿಂದ ಮುಖ್ಯವಾದ ಸಭೆಗಳಿಗೆ ಸಂಜ್ಞಾಭಾಷೆ ಬಲ್ಲ ದುಭಾಷಿಯನ್ನು ಕರೆಸುವುದು ಅಗತ್ಯ. ಇಂಥ ದುಭಾಷಿಗಳನ್ನು ತಯಾರುಮಾಡಲು ಕೇಂದ್ರ ಸರ್ಕಾರ 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸಂಜ್ಞಾಭಾಷೆಯ ಸಂಶೋಧನೆ ಮತ್ತು ತರಬೇತಿಯ ಕೇಂದ್ರವೊಂದನ್ನು ಸ್ಥಾಪಿಸಿತು.

ನಾಲ್ಕನೆಯದು ಕಾಲದ ಹೊಂದಾಣಿಕೆ. ಎಲ್ಲ ಬಗೆಯ ವೈಕಲ್ಯವೂ ಕಣ್ಣಿಗೆ ಕಾಣುವುದಿಲ್ಲ. 2016ರ ಅಧಿನಿಯಮ ಗುರುತಿಸಿರುವ ಇಪ್ಪತ್ತೊಂದು ಬಗೆಗಳಲ್ಲಿ ಮಾನಸಿಕ ಕಾಯಿಲೆಯೂ, ಕಲಿಕೆಯ ನ್ಯೂನತೆಯೂ, ಕೆಲವು ರಕ್ತಸಂಬಂಧಿ ಕಾಯಿಲೆಗಳೂ ಸೇರಿವೆ. ಮಾನಸಿಕ ಕಾಯಿಲೆಗೆ ಔಷಧಿ ಸೇವಿಸುವವರಿಗೆ ಬೆಳಗಿನ ಹೊತ್ತು ಮಂಪರು ಕವಿಯಬಹುದು. ಅಂಥವರು ಒಂದು ಗಂಟೆ ತಡವಾಗಿ ಬಂದು ಸಂಜೆ ಒಂದು ಗಂಟೆ ಹೆಚ್ಚು ಕೆಲಸ ಮಾಡಿದರೆ ಕಚೇರಿಗೆ ಏನು ನಷ್ಟ? ರಕ್ತ ಬದಲಾವಣೆಗಾಗಿ ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಬೇಕಾದವರಿಗೆ ಆ ದಿನದ ರಜೆಯನ್ನು ಮೊದಲೇ ಗೊತ್ತುಮಾಡಿಕೊಟ್ಟರೆ ಕೆಲಸವೂ ಕೆಡುವುದಿಲ್ಲ, ಅವರ ಜೀವಕ್ಕೂ ನೆಮ್ಮದಿ.

ಇವುಗಳ ಜೊತೆಗೆ ಇನ್ನೊಂದು ಬಗೆಯ ನೆರವನ್ನೂ ಇಲ್ಲಿ ಹೇಳಬೇಕು. ಬುದ್ಧಿಯ ಬೆಳವಣಿಗೆ ಮಂದವಾದವರಿಗೆ ಹಿಂದೆ ಪ್ರತ್ಯೇಕ ಕೇಂದ್ರಗಳಲ್ಲಿ ಮೇಣದ ಬತ್ತಿ, ಲಕೋಟೆ ಮುಂತಾದವನ್ನು ತಯಾರಿಸುವ ತರಬೇತಿ ಕೊಡುತ್ತಿದ್ದರು. ಮೊದಲು ತರಬೇತಿ, ಆಮೇಲೆ ಕೆಲಸ ಎಂಬುದು ಆ ಪದ್ಧತಿಯ ಸೂತ್ರ. ಆದರೆ ಎಷ್ಟೋ ಮಂದಿಯ ತರಬೇತಿ ಮುಗಿಯುತ್ತಲೇ ಇರಲಿಲ್ಲ. ಹೊರಗಿನ ಕೆಲಸ ಅವರಿಗೆ ಬರುತ್ತಲೇ ಇರಲಿಲ್ಲ. 1970 ಮತ್ತು 1980ರ ದಶಕಗಳಲ್ಲಿ ಅಮೆರಿಕದಲ್ಲಿ ಈ ಸೂತ್ರವನ್ನು ತಿರುಗುಮುರುಗಾಗಿಸಿ ನೋಡಿದರು. ಮೊದಲು ನಿಜವಾದ ಅಂಗಡಿಯಲ್ಲೋ ಕಚೇರಿಯಲ್ಲೋ ಸಂಬಳದ ಕೆಲಸ ಕೊಡಿಸುವುದು. ಆಮೇಲೆ ಅಲ್ಲಿಯೇ ಒಬ್ಬ ಮಾರ್ಗದರ್ಶಿ ಜೊತೆಗಿದ್ದು ಕಲಿಸುವುದು. ಮಾರ್ಗದರ್ಶಿ ಕೆಲಸವನ್ನು ಚಿಕ್ಕ ಚಿಕ್ಕ ಹಂತಗಳಾಗಿ ಬಿಡಿಸುತ್ತಾನೆ, ಒಂದೊಂದು ಹಂತಕ್ಕೂ ಚಿತ್ರ ಬರೆದು ಗೋಡೆಗೆ ಅಂಟಿಸುತ್ತಾನೆ, ಸಹೋದ್ಯೋಗಿಗಳಿಗೂ ತಿಳಿಸಿಹೇಳುತ್ತಾನೆ. ಕೆಲಸ ಕೈಗೆ ಹತ್ತಿದಂತೆಲ್ಲ ತಾನು ಸ್ವಲ್ಪ ಸ್ವಲ್ಪವಾಗಿ ಹಿಂದೆ ಸರಿಯುತ್ತಾನೆ. ಸೈಕಲ್ ಕಲಿಸುವವನು ಹಿಂದಿನಿಂದ ಹಿಡಿದುಕೊಂಡು ಓಡಿ, ಸಮಯ ನೋಡಿ ಕೈಬಿಡುವಂತೆಯೇ ಇದು.

ನಮ್ಮ ನಾಡಿನಲ್ಲಿ ಇಂಥ ಪ್ರಯತ್ನಗಳು ಹೊಸವೇನಲ್ಲ. ಅಂಧರಾಗಿದ್ದ ಪಂಚಾಕ್ಷರ ಗವಾಯಿಗಳು ಮತ್ತು ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಸಂಖ್ಯ ಅಂಧ ಬಾಲಕರಿಗೆ ಅನ್ನ, ಆಶ್ರಯ, ಸಂಗೀತವಿದ್ಯೆಗಳನ್ನು ನೀಡಿದರು. ಅಲ್ಲಿ ಕಲಿತವರು ಗಾಯಕರಾಗಿ, ವಾದ್ಯಗಾರರಾಗಿ, ಸಂಗೀತದ ಅಧ್ಯಾಪಕರಾಗಿ ನಾಡಿನ ತುಂಬ ಹರಡಿ ತಮ್ಮ ಅನ್ನವನ್ನು ತಾವೇ ಗಳಿಸಿಕೊಂಡರು. ಪುಟ್ಟರಾಜ ಗವಾಯಿಗಳಿಗೆ 2010ರಲ್ಲಿ ಪದ್ಮಭೂಷಣ ಪ್ರಶಸ್ತಿ ಸಂದಿತು. ಬೆಂಗಳೂರಿನಲ್ಲಿ ಸ್ವತಃ ವಿಕಲಚೇತನರಾಗಿದ್ದ ಎನ್. ಎಸ್. ಹೇಮಾ ಅವರು 1959ರಲ್ಲಿ ಸ್ಥಾಪಿಸಿದ ವಿಕಲಚೇತನರ ಸಂಸ್ಥೆ ಶಿಕ್ಷಣವನ್ನೂ, ತೋಟಗಾರಿಕೆಯೂ ಸೇರಿದಂತೆ ಅನೇಕ ಕಸುಬುಗಳ ತರಬೇತಿಯನ್ನೂ ನೀಡುತ್ತ ಬಂದಿದೆ. 1999ರಲ್ಲಿ ಆರಂಭವಾದ ಎನೇಬಲ್ ಇಂಡಿಯಾ ಎಂಬ ಸಂಸ್ಥೆ ವಿಕಲಚೇತನರನ್ನು ಉದ್ಯೋಗಕ್ಕೆ ಸಿದ್ಧಗೊಳಿಸುವುದರ ಜೊತೆಗೆ ಉದ್ಯೋಗದಾತರನ್ನೂ ಅದಕ್ಕೆ ಸಿದ್ಧಗೊಳಿಸುತ್ತದೆ. ನಿಮ್ಹಾನ್ಸ್ ಸಂಸ್ಥೆಯ ಪುನರ್ವಸತಿ ವಿಭಾಗದಲ್ಲಿ ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರು ಬೇಕರಿ ಮುಂತಾದ ಕೆಲಸಗಳನ್ನು ಕಲಿಯುತ್ತಾರೆ.

ಇವರ ಸೇವೆಯನ್ನು ನೆನೆಯುವಾಗ ಒಂದು ಎಚ್ಚರವೂ ಬೇಕು. ಅಂಧರಿಗೆ ಸಂಗೀತ ಇಲ್ಲವೆ ಬೆತ್ತದ ಕುರ್ಚಿ ಹೆಣೆಯುವ ಕೆಲಸ, ಕಾಲಿಲ್ಲದವರಿಗೆ ದೂರವಾಣಿಯ ಅಂಗಡಿ ಎಂದು ಸಮಾಜ ಬಹುಕಾಲ ಗೆರೆ ಎಳೆದುಬಿಟ್ಟಿತ್ತು. ಸಂಗೀತದಲ್ಲಿ ಒಲವಿಲ್ಲದ ಅಂಧ ಬಾಲಕನ ಗತಿಯೇನು? ಅವನಿಗೆ ಗಣಿತದಲ್ಲಿ ಆಸಕ್ತಿಯಿರಬಹುದು, ನ್ಯಾಯಶಾಸ್ತ್ರದಲ್ಲಿ ಆಸಕ್ತಿಯಿರಬಹುದು. ನಿಜವಾದ ಅವಕಾಶವೆಂದರೆ ಯಾವುದೋ ಒಂದು ಬಾಗಿಲನ್ನು ತೋರಿಸುವುದಲ್ಲ. ಹಲವು ಬಾಗಿಲುಗಳಲ್ಲಿ ತನಗೆ ಬೇಕಾದುದನ್ನು ಆರಿಸಿಕೊಳ್ಳಲು ಬಿಡುವುದು. 2025ರ ಮಾರ್ಚ್ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪೊಂದು ಈ ದೃಷ್ಟಿಯಿಂದ ಮಹತ್ತ್ವದ್ದು. ದೃಷ್ಟಿಹೀನತೆಯ ಕಾರಣದಿಂದಲೇ ಯಾರನ್ನೂ ನ್ಯಾಯಾಧೀಶರ ಹುದ್ದೆಯ ಆಯ್ಕೆಯಿಂದ ದೂರವಿಡಕೂಡದು ಎಂದು ಅದು ಸಾರಿತು.

ಸರ್ಕಾರಿ ಹುದ್ದೆಗಳಲ್ಲಿ ಮೀಸಲಾತಿಯೂ ಈ ದಾರಿಯ ಒಂದು ಮೆಟ್ಟಿಲು. ಕೇಂದ್ರ ಸರ್ಕಾರ 1977ರಲ್ಲಿ ಕೆಳಗಿನ ಎರಡು ದರ್ಜೆಗಳ ಹುದ್ದೆಗಳಲ್ಲಿ ಶೇಕಡಾ 3ರಷ್ಟನ್ನು ವಿಕಲಚೇತನರಿಗೆ ಮೀಸಲಿಟ್ಟಿತು. 1995ರ ಅಧಿನಿಯಮ ಅದಕ್ಕೆ ಕಾನೂನಿನ ಬಲ ಕೊಟ್ಟಿತು. 2016ರ ಅಧಿನಿಯಮ ಅದನ್ನು ಶೇಕಡಾ 4ಕ್ಕೆ ಏರಿಸಿತು. ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿದೆಯೆಂದು ಪ್ರಮಾಣಪತ್ರ ಪಡೆದವರಿಗೆ ಈ ಸೌಲಭ್ಯ ಅನ್ವಯಿಸುತ್ತದೆ. ನೌಕರಿಯ ನಡುವೆ ವೈಕಲ್ಯಕ್ಕೆ ಒಳಗಾದವರಿಗೆ ಇದ್ದ ರಕ್ಷಣೆ ಹೊಸ ಅಧಿನಿಯಮದ 20ನೆಯ ಪ್ರಕರಣದಲ್ಲಿ ಮುಂದುವರಿದಿದೆ. ಅಂಥವರು ಹಿಂದಿನ ಹುದ್ದೆಯನ್ನು ನಿರ್ವಹಿಸಲಾಗದಿದ್ದರೆ ಅದೇ ವೇತನದ ಬೇರೊಂದು ಹುದ್ದೆಗೆ ಅವರನ್ನು ಬದಲಾಯಿಸಬೇಕು. ಸೂಕ್ತ ಹುದ್ದೆ ಇಲ್ಲದಿದ್ದರೆ, ಅದು ದೊರೆಯುವವರೆಗೆ ಅಥವಾ ನಿವೃತ್ತಿಯಾಗುವವರೆಗೆ ಹೆಚ್ಚುವರಿ ಹುದ್ದೆಯೊಂದರಲ್ಲಿ ಉಳಿಸಿಕೊಳ್ಳಬೇಕು. ಖಾಸಗಿ ಸಂಸ್ಥೆಗಳೂ ತಮ್ಮ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕೆಂದು ಈ ಅಧಿನಿಯಮ ವಿಧಿಸಿದೆ. ಆದರೆ ಮೀಸಲಾತಿ ಒಬ್ಬನನ್ನು ಕಚೇರಿಯ ಬಾಗಿಲವರೆಗೆ ಮಾತ್ರ ತರಬಲ್ಲದು. ಒಳಗೆ ಹೋದಮೇಲೆ ಅವನು ನೆಮ್ಮದಿಯಿಂದ ಕೆಲಸ ಮಾಡಬಲ್ಲನೇ ಇಲ್ಲವೇ ಎಂಬುದನ್ನು ನಿರ್ಧರಿಸುವುದು ಹೊಂದಾಣಿಕೆಯೇ.

ಈ ವಿಚಾರಕ್ಕೆ ಆಕ್ಷೇಪಗಳೂ ಇವೆ. ಹೊಂದಾಣಿಕೆ ಮಾಡಲು ಹಣ ಬೇಕು ಎಂಬುದು ಮೊದಲನೆಯದು. ಕೆಲವಕ್ಕೆ ಹಣ ಬೇಕೆಂಬುದು ನಿಜ. ಆದರೆ ಮೇಜನ್ನು ನೆಲಮಾಳಿಗೆಗೆ ಸ್ಥಳಾಂತರಿಸುವುದಕ್ಕೆ, ಸರದಿಯ ವೇಳೆಯನ್ನು ಬದಲಾಯಿಸುವುದಕ್ಕೆ, ಮಾತಿನ ಬದಲು ಚೀಟಿಯಲ್ಲಿ ಬರೆದುಕೊಡುವುದಕ್ಕೆ ಹಣವೇನೂ ಬೇಡ. ನಮ್ಮ ಇತಿಹಾಸದ ಅಧ್ಯಾಪಕರಿಗಾಗಿ ಶಾಲೆಯ ಬೊಕ್ಕಸದಿಂದ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಹೀಗೆ ಮಾಡಿದರೆ ಕೆಲಸದ ಗುಣಮಟ್ಟ ತಗ್ಗುತ್ತದೆ ಎಂಬುದು ಎರಡನೆಯ ಆಕ್ಷೇಪ. ಇದು ಹೊಂದಾಣಿಕೆಯ ಅರ್ಥವನ್ನೇ ತಿಳಿಯದೆ ಆಡುವ ಮಾತು. ಪರೀಕ್ಷೆಯಲ್ಲಿ ಬರಹಗಾರನ ನೆರವು ಪಡೆದವನು ಉತ್ತರವನ್ನು ತಾನೇ ಹೇಳಬೇಕು. ಬರಹಗಾರ ಕೊಡುವುದು ಕೈಯನ್ನೇ ಹೊರತು ಬುದ್ಧಿಯನ್ನಲ್ಲ. ಬರೆಯುವಾಗ ಕೈ ಸೆಟೆದುಕೊಳ್ಳುವ ಕಾಯಿಲೆಯಿದ್ದ ಅಭ್ಯರ್ಥಿಯೊಬ್ಬರಿಗೆ ಇಂಥ ನೆರವು ಪಡೆಯುವ ಹಕ್ಕಿದೆಯೆಂದು ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ತೀರ್ಪಿತ್ತಿತು. ಇತಿಹಾಸದ ಅಧ್ಯಾಪಕರಿಗೆ ಇತಿಹಾಸ ಚೆನ್ನಾಗಿ ತಿಳಿದಿರಲೇಬೇಕು. ಆ ಅಳತೆಯನ್ನು ಯಾರೂ ತಗ್ಗಿಸಲಿಲ್ಲ. ಸೀಮೆಸುಣ್ಣವನ್ನು ಅವರೇ ಹಿಡಿಯಬೇಕೆಂಬ ಅನಗತ್ಯವಾದ ನಿಯಮವನ್ನು ಮಾತ್ರ ತೆಗೆದುಹಾಕಲಾಯಿತು. ಅಳತೆ ಯಾವುದು, ಅಡ್ಡಿ ಯಾವುದು ಎಂಬುದನ್ನು ಬೇರ್ಪಡಿಸಿ ನೋಡುವುದೇ ಇಲ್ಲಿ ಬೇಕಾದ ವಿವೇಕ.

ಕಾನೂನಿದೆ, ಸಾಧನಗಳಿವೆ, ಸಂಸ್ಥೆಗಳಿವೆ. ಆದರೂ ಕೆಲಸ ಇನ್ನೂ ಬಹಳ ಉಳಿದಿದೆ. ಕಚೇರಿಯ ಬಾಗಿಲಿನಲ್ಲಿ ಇಳಿಜಾರು ಇದ್ದರೂ, ಆ ಕಚೇರಿಗೆ ಹೋಗುವ ಬಸ್ಸಿನ ಮೆಟ್ಟಿಲು ಮೊಣಕಾಲೆತ್ತರಕ್ಕೆ ಇದ್ದರೆ ಪ್ರಯೋಜನವೇನು? ಶಾಲೆಯಲ್ಲಿ ಕಲಿಯಲಾಗದೆ ಹಿಂದುಳಿದವನಿಗೆ ಮೀಸಲು ಹುದ್ದೆಯಿದ್ದು ಫಲವೇನು? ದುಡಿಮೆಯ ಬಾಗಿಲಿಗೆ ಹೋಗುವ ದಾರಿ ಮನೆಯ ಹೊಸಿಲಿನಿಂದ, ಶಾಲೆಯ ಅಂಗಳದಿಂದ ಆರಂಭವಾಗುತ್ತದೆ. ಆದುದರಿಂದ ಈ ಪಾಠವನ್ನು ಓದುವ ನಿಮಗೂ ಇದರಲ್ಲಿ ಪಾಲುಂಟು. ನಿಮ್ಮ ತರಗತಿಯಲ್ಲಿಯೇ ಕಪ್ಪುಹಲಗೆ ಸರಿಯಾಗಿ ಕಾಣದ, ಮಾತು ಸ್ಪಷ್ಟವಾಗಿ ಕೇಳದ, ಮಹಡಿ ಹತ್ತಲಾಗದ ಗೆಳೆಯರಿರಬಹುದು. ಅವರಿಗೆ ಏನು ಬೇಕೆಂದು ನೀವೇ ಊಹಿಸಿಕೊಳ್ಳಬೇಡಿರಿ. ಕೇಳದೆಯೇ ಕೈಹಿಡಿದು ಎಳೆಯಬೇಡಿರಿ. "ನಿನಗೆ ಯಾವುದು ಅನುಕೂಲ?" ಎಂದು ಕೇಳಿರಿ. ನಾವು ಅಧ್ಯಾಪಕರೆಲ್ಲ ಸೇರಿ ಆ ದಿನ ಕೇಳಲು ಮರೆತ ಪ್ರಶ್ನೆ ಇದೇ.

ವೈಕಲ್ಯ ಬೇರೆ ಯಾರಿಗೋ ಸಂಬಂಧಿಸಿದ್ದೆಂದು ತಿಳಿಯುವುದೂ ತಪ್ಪು. ಅಪಘಾತ, ಕಾಯಿಲೆ, ಮುಪ್ಪು ಇವು ಯಾರ ಮನೆಯ ಬಾಗಿಲನ್ನಾದರೂ ತಟ್ಟಬಹುದು. ಇಂದು ಇನ್ನೊಬ್ಬರಿಗಾಗಿ ಕಟ್ಟಿದ ಇಳಿಜಾರು ದಾರಿಯಲ್ಲಿ ನಾಳೆ ನಮ್ಮ ಅಜ್ಜಿ ನಡೆದು ಬಂದಾಳು. ನಾಡಿದ್ದು ನಾವೇ ನಡೆದೇವು.

ನಮ್ಮ ಇತಿಹಾಸದ ಅಧ್ಯಾಪಕರು ದೃಷ್ಟಿ ಹೋದಮೇಲೆಯೂ ಹನ್ನೆರಡು ವರ್ಷಗಳ ಕಾಲ ಪಾಠ ಹೇಳಿ, 2015ರಲ್ಲಿ ಅರವತ್ತು ತುಂಬಿದಾಗ ಎಲ್ಲರಂತೆ ನಿವೃತ್ತರಾದರು. ಬೀಳ್ಕೊಡುಗೆಯ ಸಭೆಯಲ್ಲಿ ಮಾತನಾಡಿದವರೆಲ್ಲ ಶಾಲೆ ಅವರಿಗೆ ತೋರಿದ ಔದಾರ್ಯವನ್ನು ಕೊಂಡಾಡಿದರು. ಕೊನೆಯಲ್ಲಿ ಅವರು ಎದ್ದುನಿಂತು, "ನೀವು ನನಗೆ ಸ್ನೇಹ ತೋರಿದಿರಿ, ಅದನ್ನು ಮರೆಯುವುದಿಲ್ಲ. ಆದರೆ ಸಂಬಳವನ್ನು ಯಾರೂ ನನಗೆ ದಾನವಾಗಿ ಕೊಡಲಿಲ್ಲ. ಅದನ್ನು ನಾನು ಪಾಠ ಹೇಳಿ ಗಳಿಸಿದ್ದೇನೆ" ಎಂದು ಹೇಳಿ ಕುಳಿತರು. ಸಭೆ ಒಂದು ಕ್ಷಣ ಮೌನವಾಗಿತ್ತು. ಹಿಂದಿನ ಸಾಲಿನಲ್ಲಿದ್ದ ಹಳೆಯ ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಲಾರಂಭಿಸಿದರು. ಊರಿನಲ್ಲಿ ಅವರನ್ನು ಇಂದಿಗೂ ಜನ ಕಣ್ಣಿಲ್ಲದ ಮೇಷ್ಟ್ರೆಂದು ಕರೆಯುವುದಿಲ್ಲ. ಇತಿಹಾಸದ ಮೇಷ್ಟ್ರೆಂದೇ ಕರೆಯುತ್ತಾರೆ.